ಜಗಳವಾಡಿದ ಇಬ್ಬರಿಗೂ ಒಂದೇ ಶಿಕ್ಷೆ: ಶಾಲೆಯನ್ನು ಏನೆಂದು ಕೇಳಬೇಕು?

ಪ್ರಶ್ನೆ: ಒಬ್ಬ ಪೋಷಕ, ತುಮಕೂರು

ನಮ್ಮದು ಪಾವಗಡ ತಾಲ್ಲೂಕು. ಕೆಲಸದ ಸಲುವಾಗಿ ಕಳೆದ ಬೇಸಿಗೆಯಲ್ಲಿ ತುಮಕೂರಿಗೆ ಬಂದು ನೆಲೆಸಿದ್ದೇವೆ. ಮನೆಯಲ್ಲಿ ಆಡುವುದು ತೆಲುಗು. ಮಗ ಮೊದಲಿನಿಂದಲೂ ಕನ್ನಡ ಮಾಧ್ಯಮದಲ್ಲೇ ಓದಿದ್ದಾನೆ, ತಪ್ಪಿಲ್ಲದೆ ಬರೆಯುತ್ತಾನೆ, ಆದರೆ ಮಾತಿಗೆ ನಿಂತರೆ ನಮ್ಮ ಕಡೆಯ ಧಾಟಿ ಕೇಳಿಸುತ್ತದೆ. ಜೂನ್ ತಿಂಗಳಲ್ಲಿ ಇಲ್ಲಿನ ಒಂದು ಅನುದಾನಿತ ಪ್ರೌಢಶಾಲೆಯ ಎಂಟನೇ ತರಗತಿಗೆ ಸೇರಿಸಿದೆವು. ಅವನಿಗೆ ಈಗ 13 ವರ್ಷ.

ಕಳೆದ ವಾರ ಬಿಸಿಯೂಟ ಮುಗಿದ ಮೇಲೆ ತಟ್ಟೆ ತೊಳೆಯುವ ನಲ್ಲಿಯ ಬಳಿ ಅವನಿಗೂ ಅವನದೇ ತರಗತಿಯ ಇನ್ನೊಬ್ಬ ಹುಡುಗನಿಗೂ ಜಗಳವಾಯಿತು. ಆ ಹುಡುಗ ತಟ್ಟೆಯನ್ನು ಕಿತ್ತು ಚರಂಡಿಗೆ ಎಸೆದನೆಂದೂ, ನನ್ನ ಮಗ ಕೈಯಲ್ಲಿದ್ದ ಸ್ಟೀಲ್ ಬಾಟಲಿಯಿಂದ ಹೊಡೆದನೆಂದೂ ಇಬ್ಬರೂ ಒಪ್ಪುತ್ತಾರೆ. ಆ ಹುಡುಗನ ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದಿವೆ, ನನ್ನ ಮಗನಿಗೆ ಏನೂ ಆಗಿಲ್ಲ. ಹೊಡೆದದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆಸ್ಪತ್ರೆಯ ಖರ್ಚನ್ನು ಅಂದೇ ನಾನು ಕೊಟ್ಟಿದ್ದೇನೆ.

ಆದರೆ ಇದು ಅಂದು ಹುಟ್ಟಿದ ಜಗಳವಲ್ಲ. ಜುಲೈಯಿಂದಲೇ ಆ ಹುಡುಗನೂ ಅವನ ಜೊತೆಯ ಮೂವರೂ ನನ್ನ ಮಗನನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟು ‘ಏಮಿರಾ’ (ತೆಲುಗಿನಲ್ಲಿ ‘ಏನೋ’) ಎಂದು ಕರೆಯುತ್ತಿದ್ದಾರೆ. ಅವನು ಪಾಠ ಓದಲು ಎದ್ದು ನಿಂತರೆ ಹಿಂದಿನ ಬೆಂಚಿನಿಂದ ಧಾಟಿಯನ್ನು ಅಣಕಿಸುತ್ತಾರೆ. ಎರಡು ಬಾರಿ ನೋಟ್‌ಬುಕ್ ಕಾಣೆಯಾಗಿ ಶೌಚಾಲಯದ ಕಿಟಕಿಯಲ್ಲಿ ಸಿಕ್ಕಿದೆ. ಆಗಸ್ಟ್‌ನಲ್ಲಿ ನಾನೇ ಹೋಗಿ ತರಗತಿ ಶಿಕ್ಷಕರಿಗೆ ಬಾಯಿಮಾತಿನಲ್ಲಿ ತಿಳಿಸಿದ್ದೆ. ‘ಹುಡುಗರಲ್ಲವೇ, ಸ್ವಲ್ಪ ದಿನ ಹೋದರೆ ಹೊಂದಿಕೊಳ್ಳುತ್ತಾನೆ ಬಿಡಿ’ ಎಂದಿದ್ದರು.

ಜಗಳದ ಮರುದಿನ ಪ್ರಾರ್ಥನೆಯ ವೇಳೆ ಇಬ್ಬರನ್ನೂ ಎಲ್ಲರ ಮುಂದೆ ನಿಲ್ಲಿಸಿ, ಪರಸ್ಪರ ಕ್ಷಮೆ ಕೇಳಿಸಿ, ಕೈ ಕುಲುಕಿಸಿದರು. ಒಂದೇ ಒಕ್ಕಣೆಯ ಮುಚ್ಚಳಿಕೆಗೆ ಇಬ್ಬರ ಸಹಿಯನ್ನೂ ನಮ್ಮ ಸಹಿಯನ್ನೂ ಪಡೆದು ಮೂರು ದಿನ ಮನೆಗೆ ಕಳುಹಿಸಿದರು. ‘ಮತ್ತೆ ಹೀಗಾದರೆ ಟಿಸಿ ಕೊಡಲಾಗುವುದು’ ಎಂದು ಅದರಲ್ಲಿ ಬರೆದಿದೆ. ಹಿಂದಿನ ವಿಷಯ ಎತ್ತಿದಾಗ ಮುಖ್ಯೋಪಾಧ್ಯಾಯರು ‘ನಮಗೆ ಇಬ್ಬರೂ ಒಂದೇ, ನಾವು ಪಕ್ಷಪಾತ ಮಾಡುವುದಿಲ್ಲ’ ಎಂದುಬಿಟ್ಟರು. ಅತ್ತ ಆ ಹುಡುಗನ ತಂದೆ ನಾಲ್ಕು ಜನರೊಂದಿಗೆ ಬಂದು ಪೊಲೀಸ್ ದೂರು ಕೊಡುವುದಾಗಿ ಹೇಳಿ ಹೋಗಿದ್ದಾರೆ. ಯಾರೋ ತೆಗೆದ ವಿಡಿಯೊ ಒಂದು ಪೋಷಕರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ, ಅದರಲ್ಲಿ ನನ್ನ ಮಗ ಹೊಡೆಯುವುದು ಮಾತ್ರ ಇದೆ.

ಇಂಥ ಸಂದರ್ಭದಲ್ಲಿ ಶಾಲೆ ನಡೆದುಕೊಳ್ಳಬೇಕಾದ ರೀತಿ ಯಾವುದು? ಟಿಸಿ ಕೊಡಲು ಅವರಿಗೆ ಅಧಿಕಾರವಿದೆಯೇ? ಶಾಲೆಯೊಂದಿಗೆ ಹಗೆ ಕಟ್ಟಿಕೊಳ್ಳದೆ ನಾನು ಏನನ್ನು ಕೇಳಬಹುದು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ನಿವೃತ್ತ ಮುಖ್ಯೋಪಾಧ್ಯಾಯ, ಮಧುಗಿರಿ

ಮಾನ್ಯರೇ, ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಬಹುಕಾಲ ಪಾಠ ಹೇಳಿ, ಕೊನೆಯ ಒಂಬತ್ತು ವರ್ಷ ಮುಖ್ಯೋಪಾಧ್ಯಾಯನ ಕುರ್ಚಿಯಲ್ಲಿ ಕುಳಿತು ನಿವೃತ್ತನಾದವನು ನಾನು. ನಿಮ್ಮ ಮಗನ ಶಾಲೆಯವರು ಮಾಡಿದ್ದನ್ನೇ ನಾನೂ ಮಾಡುತ್ತಿದ್ದೆ. ಆದ್ದರಿಂದ ಹಾಗೆ ಏಕೆ ಮಾಡುತ್ತೇವೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಜಗಳದ ಸುದ್ದಿ ಬರುವಾಗ ಮುಂದಿನ ಪಿರಿಯಡ್ಡಿನ ಗಂಟೆ ಹೊಡೆದಿರುತ್ತದೆ; ಸಂಜೆಯೊಳಗೆ ಎರಡೂ ಕಡೆಯವರು ತಮ್ಮ ತಮ್ಮ ಹಿರಿಯರನ್ನು ಕರೆದುಕೊಂಡು ಬರುತ್ತಾರೆ; ಅವರಲ್ಲಿ ಒಬ್ಬರಾದರೂ ಆಡಳಿತ ಮಂಡಳಿಗೆ ಬೇಕಾದವರು ಇರುತ್ತಾರೆ. ಇಬ್ಬರಿಗೂ ಸಮನಾಗಿ ಶಿಕ್ಷೆ ಕೊಟ್ಟರೆ ಯಾರೂ ಬಂದು ಪ್ರಶ್ನಿಸುವುದಿಲ್ಲವೆಂಬ ಧೈರ್ಯ. ಊರಿನ ಪಂಚಾಯಿತಿ ಕಟ್ಟೆಯಲ್ಲಿ ರಾಜಿ ಮಾಡಿಸಿದ್ದನ್ನು ನೋಡಿ ಬೆಳೆದ ನಮಗೆ ಅದೇ ನ್ಯಾಯವೆಂದೂ ತೋರುತ್ತದೆ. ನಿಜ ಹೇಳಬೇಕೆಂದರೆ ಅದು ವಿಚಾರಣೆಯ ಶ್ರಮವನ್ನು ಉಳಿಸಿಕೊಳ್ಳುವ ಉಪಾಯ.

ಹೊರಗಿನಿಂದ ನೋಡಿದರೆ ಒಂದೇ ರೀತಿ ಕಾಣುವ ಎರಡು ಸಂಗತಿಗಳು ಶಾಲೆಯಲ್ಲಿ ನಡೆಯುತ್ತವೆ. ಒಂದು ಜಗಳ. ಕಬಡ್ಡಿಯಲ್ಲಿ ಔಟಾದನೋ ಇಲ್ಲವೋ ಎಂದು ಶುರುವಾಗಿ, ಅಂಗಿಯ ಗುಂಡಿ ಕಿತ್ತುಹೋಗುವ ತನಕ ನಡೆದು, ಮರುದಿನ ಅದೇ ಇಬ್ಬರು ಒಂದೇ ಸೈಕಲ್ಲಿನಲ್ಲಿ ಬರುವುದು. ಇನ್ನೊಂದು ಕಾಟ. ನಾರ್ವೆ ದೇಶದ ಮನಶ್ಶಾಸ್ತ್ರಜ್ಞ ಡ್ಯಾನ್ ಓಲ್ವೇಯಸ್ ಅವರು ಇದನ್ನು ಗುರುತಿಸಲು ಹೇಳಿದ ಮೂರು ಲಕ್ಷಣಗಳು ನಮ್ಮ ಹಳ್ಳಿಯ ಶಾಲೆಗೂ ಹಾಗೆಯೇ ಹೊಂದುತ್ತವೆ: ನೋಯಿಸಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಮತ್ತು ನೋಯುವವನು ಎದುರಿಸಲಾರದಷ್ಟು ಬಲದ ಅಂತರ ಇರುವುದು. ಬಲವೆಂದರೆ ತೋಳಬಲವೇ ಆಗಬೇಕಿಲ್ಲ. ನಾಲ್ವರ ಎದುರು ಒಬ್ಬ, ಊರಿನವರ ಎದುರು ಹೊಸಬ, ಕನ್ನಡದ ಎದುರು ತೆಲುಗಿನ ಧಾಟಿ, ಇವೆಲ್ಲವೂ ಬಲದ ಅಂತರವೇ. 1983ರಲ್ಲಿ ನಾರ್ವೆಯ ಶಾಲೆಗಳಲ್ಲಿ ಇದರ ವಿರುದ್ಧ ದೇಶವ್ಯಾಪಿ ಅಭಿಯಾನ ನಡೆದಾಗ ಅದರ ಜೊತೆಗೇ ಅವರ ಅಧ್ಯಯನವೂ ಸಾಗಿತು. ನಮ್ಮಲ್ಲಿ ಇಂದಿಗೂ ಎರಡಕ್ಕೂ ‘ಗಲಾಟೆ’ ಎಂಬ ಒಂದೇ ಪದ.

ರಾಜಿಯೆಂಬುದು ಜಗಳಕ್ಕೆ ಒಳ್ಳೆಯ ಮದ್ದು, ಕಾಟಕ್ಕೆ ಕೆಟ್ಟ ಮದ್ದು. ಸಮಬಲರಿಬ್ಬರು ಒಂದೊಂದು ಹೆಜ್ಜೆ ಹಿಂದೆ ಸರಿದರೆ ಜಗಳ ಮುಗಿಯುತ್ತದೆ. ತಿಂಗಳುಗಟ್ಟಲೆ ಕಾಟ ತಿಂದವನಿಗೆ ಹಿಂದೆ ಸರಿಯಲು ಜಾಗವೇ ಉಳಿದಿರುವುದಿಲ್ಲ. ನಾನು ಒಮ್ಮೆ ಹೀಗೆಯೇ ಒಬ್ಬ ಹುಡುಗನ ಕೈಯನ್ನು, ಅವನನ್ನು ಅರ್ಧ ವರ್ಷ ಕಾಡಿದವನ ಕೈಯಲ್ಲಿ ನಾನೇ ಹಿಡಿದು ಸೇರಿಸಿದೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು, ನನಗೂ ಸಮಾಧಾನವಾಯಿತು. ಮರುವಾರದಿಂದ ಹಾಜರಿ ಪುಸ್ತಕದಲ್ಲಿ ಆ ಹುಡುಗನ ಹೆಸರಿನ ಮುಂದೆ ಸಾಲಾಗಿ ಗೈರು ಬೀಳತೊಡಗಿತು. ಮನೆಗೆ ಹೋಗಿ ಕರೆದರೆ ಅವನು ಬಾಗಿಲ ಹಿಂದಿನಿಂದ ಹೊರಗೆ ಬರಲಿಲ್ಲ. ಆ ದಿನದ ನಂತರ ನಾನು ಯಾರ ಕೈಯನ್ನೂ ಸೇರಿಸಲಿಲ್ಲ.

ಆಮೇಲೆ ನಾನು ಅನುಸರಿಸಿದ ಕ್ರಮವನ್ನು ಹೇಳುತ್ತೇನೆ. ಮೊದಲು ಗಾಯ. ತಲೆಗೆ ಪೆಟ್ಟು ಬಿದ್ದಿದ್ದರೆ ಮೇಲೆ ರಕ್ತ ಕಾಣದಿದ್ದರೂ ವೈದ್ಯರಿಗೆ ತೋರಿಸಿ, ವಾಂತಿ, ಮಂಪರು, ಹೆಚ್ಚುತ್ತಿರುವ ತಲೆನೋವು ಇವೆಯೇ ಎಂದು ಮನೆಯವರು ಒಂದೆರಡು ದಿನ ಗಮನಿಸುವಂತೆ ಹೇಳಿ ಕಳುಹಿಸಬೇಕು. ಮರ್ಯಾದೆಗೆ ಅಂಜಿ ಆಸ್ಪತ್ರೆಯಲ್ಲಿ ‘ಜಾರಿ ಬಿದ್ದ’ ಎಂದು ಹೇಳಿಸಬಾರದು. ಎರಡನೆಯದಾಗಿ, ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಸಿಟ್ಟು ಇಳಿಯುವವರೆಗೆ ಕಾಯಬೇಕು. ಅನಂತರ ‘ಯಾರು ಮೊದಲು ಹೊಡೆದರು’ ಎಂದು ಕೇಳುವ ಬದಲು ‘ಇದಕ್ಕೆ ಮೊದಲು ಏನಾಗಿತ್ತು, ಯಾವಾಗಿನಿಂದ’ ಎಂದು ಕೇಳಬೇಕು. ಮೊದಲ ಪ್ರಶ್ನೆಗೆ ಸಿಗುವುದು ಒಂದು ಹೆಸರು ಮಾತ್ರ. ಎರಡನೆಯದಕ್ಕೆ ಸಿಗುವುದು ಇಡೀ ಕಥೆ. ಪ್ರತಿಯೊಬ್ಬರೂ ತಮ್ಮ ಮಾತಿನಲ್ಲಿ ಬರೆಯಲಿ. ಬರೆಯಲು ತೊಡಕಾದರೆ ಮನೆಮಾತಿನಲ್ಲಿ ಹೇಳಲಿ, ಅದನ್ನು ಬಲ್ಲ ಶಿಕ್ಷಕರು ಬರೆದುಕೊಳ್ಳಲಿ. ನೋಡಿದ ಮಕ್ಕಳನ್ನೂ ಒಬ್ಬೊಬ್ಬರಾಗಿಯೇ ಕೇಳಬೇಕು, ಏಕೆಂದರೆ ತರಗತಿಯಲ್ಲಿ ಎಲ್ಲರ ಮುಂದೆ ಕೇಳಿದರೆ ಜೋರಾದವನ ಕಡೆಗೇ ಸಾಕ್ಷಿ ವಾಲುತ್ತದೆ. ಎರಡು ಮನೆಯವರನ್ನು ಒಂದೇ ಗಂಟೆಗೆ ಕರೆಸಬಾರದು.

ನಿಮ್ಮ ಪ್ರಕರಣದಲ್ಲಿ ನಾನಾಗಿದ್ದರೆ ಎರಡು ಲೆಕ್ಕ ತೆರೆಯುತ್ತಿದ್ದೆ. ಬಾಟಲಿಯದು ಒಂದು ಲೆಕ್ಕ, ಅದಕ್ಕೆ ನಿಮ್ಮ ಮಗ ಉತ್ತರಿಸಬೇಕು. ತಿಂಗಳುಗಳ ಅಣಕ, ನೋಟ್‌ಬುಕ್, ತಟ್ಟೆ, ಇವು ಇನ್ನೊಂದು ಲೆಕ್ಕ, ಅದಕ್ಕೆ ಆ ನಾಲ್ವರು ಉತ್ತರಿಸಬೇಕು. ಒಂದನ್ನು ಇನ್ನೊಂದಕ್ಕೆ ವಜಾ ಹಾಕಬಾರದು. ನಿಮ್ಮ ಮುಖ್ಯೋಪಾಧ್ಯಾಯರು ಎರಡನ್ನೂ ಒಂದೇ ಮುಚ್ಚಳಿಕೆಯಲ್ಲಿ ಮುಚ್ಚಿದ್ದಾರೆ, ಪಕ್ಷಪಾತವಿಲ್ಲವೆಂಬ ಅವರ ಮಾತು ಇಲ್ಲಿಯೇ ಸೋಲುತ್ತದೆ.

ನೀವು ಬಾಯಿಮಾತು ಬಿಟ್ಟು ಒಂದು ಮನವಿ ಬರೆದು ಕೊಡಿ. ಮಗನ ತಪ್ಪನ್ನು ಮೊದಲ ಸಾಲಿನಲ್ಲೇ ಒಪ್ಪಿಕೊಳ್ಳಿ, ಆಗ ಉಳಿದದ್ದನ್ನು ಓದುವ ಮನಸ್ಸು ಬರುತ್ತದೆ. ಆಗಸ್ಟ್‌ನಲ್ಲಿ ನೀವು ಹೇಳಿದ ವಿಷಯ, ನೆನಪಿರುವ ದಿನಾಂಕಗಳು, ಸ್ಥಳಗಳು, ಇವನ್ನು ನಮೂದಿಸಿ, ಹಿಂದಿನ ಘಟನೆಗಳ ಬಗ್ಗೆ ಪ್ರತ್ಯೇಕವಾಗಿ ವಿಚಾರಿಸುವಂತೆಯೂ ಹದಿನೈದು ದಿನಕ್ಕೊಮ್ಮೆ ಇಬ್ಬರು ಮಕ್ಕಳನ್ನೂ ಬೇರೆ ಬೇರೆಯಾಗಿ ಕರೆದು ಕೇಳುವಂತೆಯೂ ಕೋರಿ. ನಕಲು ಪ್ರತಿಯ ಮೇಲೆ ಸೀಲು ಮತ್ತು ಸಹಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಉತ್ತರ: ವಕೀಲ, ಕೋಲಾರ

ಮೇಷ್ಟ್ರು ಹೇಳಿದ್ದರಲ್ಲಿ ಬಹುಪಾಲನ್ನು ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಮಕ್ಕಳಿಂದ ಬರೆಸಿಕೊಳ್ಳುವ ಕಾಗದದ ತಲೆಬರಹ ‘ತಪ್ಪೊಪ್ಪಿಗೆ’ ಎಂದಾಗಲಿ ‘ಮುಚ್ಚಳಿಕೆ’ ಎಂದಾಗಲಿ ಇರಬಾರದು, ‘ನಡೆದ ಸಂಗತಿ’ ಎಂದಿರಲಿ. ಶಿಕ್ಷಕರು ಹೇಳಿಕೊಟ್ಟು ಬರೆಸಿದ ಒಪ್ಪಿಗೆಯಿಂದ ಸತ್ಯ ತಿಳಿಯುವುದಿಲ್ಲ, ಮುಂದೆ ಅದು ಮಗುವಿನ ವಿರುದ್ಧವೇ ಬಳಕೆಯಾಗುವ ಅಪಾಯವಿದೆ.

ಇನ್ನು ಟಿಸಿಯ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಪ್ರಕರಣದ ಪ್ರಕಾರ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಅನುತ್ತೀರ್ಣಗೊಳಿಸುವ ಕುರಿತು 2019ರಲ್ಲಿ ತಿದ್ದುಪಡಿ ಬಂದರೂ ಹೊರಹಾಕಬಾರದೆಂಬ ಭಾಗ ಹಾಗೆಯೇ ಉಳಿದಿದೆ. ಇಲ್ಲಿ ಅನೇಕ ಪ್ರೌಢಶಾಲೆಗಳವರು ಎಡವುವ ಒಂದು ಅಂಶವಿದೆ: ನಮ್ಮ ರಾಜ್ಯದಲ್ಲಿ ಎಂಟನೇ ತರಗತಿ ಸಾಮಾನ್ಯವಾಗಿ ಪ್ರೌಢಶಾಲೆಯ ಕಟ್ಟಡದಲ್ಲಿ ನಡೆಯುತ್ತದೆ, ಆದರೆ ಕಾಯ್ದೆಯ ಲೆಕ್ಕದಲ್ಲಿ ಒಂದರಿಂದ ಎಂಟರವರೆಗಿನದು ಪ್ರಾಥಮಿಕ ಶಿಕ್ಷಣವೇ. ಆದ್ದರಿಂದ ನಿಮ್ಮ ಮಗನ ವಿಷಯದಲ್ಲಿ ಆ ಮುಚ್ಚಳಿಕೆಯ ಟಿಸಿ ಬೆದರಿಕೆಗೆ ಕಾನೂನಿನ ಬಲವಿಲ್ಲ. ಶಾಲೆ ಅಲ್ಪಸಂಖ್ಯಾತರ ಸಂಸ್ಥೆಯಾಗಿದ್ದರೆ ಮಾತ್ರ ಲೆಕ್ಕ ಬೇರೆ, ಏಕೆಂದರೆ ಅಂಥ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಅನುಭವದಿಂದ ಇನ್ನೊಂದು ಮಾತು: ಹೊರಹಾಕಲು ಬಾರದಿದ್ದಾಗ ‘ನೀವೇ ಅರ್ಜಿ ಕೊಟ್ಟು ಟಿಸಿ ತೆಗೆದುಕೊಂಡು ಹೋಗಿ, ಹುಡುಗನ ಭವಿಷ್ಯಕ್ಕೆ ಒಳ್ಳೆಯದು’ ಎಂಬ ಸಲಹೆ ಬರುತ್ತದೆ. ಪೋಷಕರು ಕೇಳಿದರೆ ಟಿಸಿ ಕೊಡುವುದು ಕಾನೂನುಬದ್ಧ. ಕೇಳುವಂತೆ ಮಾಡುವುದು ಹಿಂಬಾಗಿಲಿನ ಹೊರಹಾಕುವಿಕೆ. ಆ ಅರ್ಜಿಗೆ ಸಹಿ ಹಾಕಬೇಡಿ.

ಅದೇ ಕಾಯ್ದೆಯ 17ನೇ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಪ್ರಾರ್ಥನೆಯಲ್ಲಿ ಇಡೀ ಶಾಲೆಯ ಮುಂದೆ ನಿಲ್ಲಿಸಿದ್ದು ಎರಡನೆಯದರ ವ್ಯಾಪ್ತಿಗೆ ಬರುತ್ತದೆಂದು ವಾದಿಸಲು ಅವಕಾಶವಿದೆ. ಮೂರು ದಿನ ಮನೆಗೆ ಕಳುಹಿಸುವುದನ್ನು ಕಾಯ್ದೆ ಹೆಸರಿಸಿ ನಿಷೇಧಿಸಿಲ್ಲ, ಆದರೆ ಮನೆಯಲ್ಲಿ ಯಾರೂ ಇಲ್ಲದ ಮಗುವಿಗೆ ಅದು ಶಿಕ್ಷೆಯೋ ರಜೆಯೋ ಎಂಬುದನ್ನು ಶಾಲೆಯವರೇ ಯೋಚಿಸಬೇಕು.

ಪೊಲೀಸ್ ದೂರಿಗೆ ನೀವು ಹೆದರಬೇಕಾಗಿಲ್ಲ, ಉದಾಸೀನವನ್ನೂ ಮಾಡಬಾರದು. 2015ರ ಬಾಲನ್ಯಾಯ ಕಾಯ್ದೆಯಂತೆ 18 ವರ್ಷದೊಳಗಿನ ಯಾರನ್ನೂ ಠಾಣೆಯ ಲಾಕಪ್ಪಿನಲ್ಲಿ ಇರಿಸುವಂತಿಲ್ಲ, ಮತ್ತು ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯೊಬ್ಬರು ಇರಬೇಕು, ಮಗುವಿನೊಂದಿಗೆ ವ್ಯವಹರಿಸಬೇಕಾದವರು ಅವರು. 2016ರ ಮಾದರಿ ನಿಯಮಗಳ ಪ್ರಕಾರ, ಕನಿಷ್ಠ ಏಳು ವರ್ಷ ಶಿಕ್ಷೆಯುಳ್ಳ ಘೋರ ಅಪರಾಧವಾಗಿದ್ದರೆ ಅಥವಾ ವಯಸ್ಕರ ಜೊತೆಗೂಡಿ ಮಾಡಿದ್ದರೆ ಮಾತ್ರ ಮಗುವಿನ ಮೇಲೆ ಎಫ್‌ಐಆರ್ ದಾಖಲಾಗುತ್ತದೆ. ಉಳಿದವುಗಳಲ್ಲಿ ಠಾಣೆಯ ದಿನಚರಿಯಲ್ಲಿ ಮಾಹಿತಿ ಬರೆದು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಬಾಲನ್ಯಾಯ ಮಂಡಳಿಗೆ ಕಳುಹಿಸುತ್ತಾರೆ. ಮೂರು ಹೊಲಿಗೆಯ ಗಾಯ ಘೋರ ಅಪರಾಧದ ಸಾಲಿಗೆ ಸೇರುವುದಿಲ್ಲ. ಠಾಣೆಯಿಂದ ಕರೆ ಬಂದರೆ ಮಗನ ಜೊತೆ ನೀವಿರಿ, ಅವನೊಬ್ಬನನ್ನೇ ಕಳುಹಿಸಬೇಡಿ.

ವಿಡಿಯೊ ವಿಷಯದಲ್ಲಿ ಕೂಡಲೇ ಕ್ರಮ ಕೈಗೊಳ್ಳಿ. ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ, ಅಂದರೆ ಅಪರಾಧದ ಆರೋಪ ಹೊತ್ತ, ಮಗುವಿನ ಅಥವಾ ನೊಂದ ಮಗುವಿನ ಗುರುತು ಬಹಿರಂಗಪಡಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಪ್ರಕರಣ ನಿಷೇಧಿಸುತ್ತದೆ. ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹಂಚುತ್ತಿರುವ ಪೋಷಕರಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇರುವುದಿಲ್ಲ. ಆ ವಿಡಿಯೊದಲ್ಲಿ ಎರಡೂ ಮಕ್ಕಳ ಮುಖವಿರುವುದರಿಂದ, ಗಾಯಗೊಂಡ ಹುಡುಗನ ತಂದೆಯೂ ಇದನ್ನು ಅಳಿಸಲು ನಿಮ್ಮೊಂದಿಗೆ ಸೇರಬಹುದು. ಮಾತುಕತೆ ಶುರುಮಾಡಲು ಇದಕ್ಕಿಂತ ಒಳ್ಳೆಯ ನೆಪ ಸಿಗದು.

ಶಾಲೆ ಕಿವಿಗೊಡದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಅಲ್ಲಿಯೂ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ನಿಮ್ಮ ಮಗನೇ ಕರೆ ಮಾಡಬಹುದು. ಆದರೆ ಇವನ್ನು ಮೊದಲ ದಿನವೇ ಬಳಸಬೇಡಿ ಎಂಬುದು ನನ್ನ ಅಭಿಪ್ರಾಯ, ಮಗ ಸೋಮವಾರ ಅದೇ ತರಗತಿಗೆ ಹೋಗಿ ಕೂರಬೇಕಾದವನು.

ಉತ್ತರ: ದೈಹಿಕ ಶಿಕ್ಷಣ ಶಿಕ್ಷಕಿ, ಗೌರಿಬಿದನೂರು

ಹಿರಿಯರಾದ ಮೇಷ್ಟ್ರ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ: ಅವರು ಬರೆದ ಕ್ರಮದಲ್ಲಿ ನಡೆಯಲು ಎರಡು ಖಾಲಿ ಕೋಣೆ, ಬಿಡುವಿರುವ ಇಬ್ಬರು ಶಿಕ್ಷಕರು ಮತ್ತು ಒಂದು ಪೂರ್ಣ ಮಧ್ಯಾಹ್ನ ಬೇಕು. ನಮ್ಮಲ್ಲಿ ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ, ಆನ್‌ಲೈನಿನಲ್ಲಿ ತುಂಬಬೇಕಾದ ಮಾಹಿತಿ, ಗೈರಾದ ಶಿಕ್ಷಕರ ತರಗತಿ, ಇವುಗಳ ನಡುವೆ ಜಗಳ ಬಿಡಿಸುವುದು ನನ್ನ ಪಾಲಿಗೆ ಬರುತ್ತದೆ, ಏಕೆಂದರೆ ನನ್ನ ಕೊರಳಲ್ಲಿ ಸೀಟಿ ಇದೆ. ತಾಲ್ಲೂಕಿನ ಶಾಲೆಗಳಲ್ಲಿ ಆಪ್ತಸಮಾಲೋಚಕರನ್ನು ನಾನಂತೂ ಕಂಡಿಲ್ಲ.

ಆದರೂ ಕೆಲವನ್ನು ಮಾಡಲು ಸಾಧ್ಯವಿದೆ. ಎರಡು ವರ್ಷದ ಹಿಂದೆ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿ ಜಗಳದ ಹೊತ್ತು, ಜಾಗ, ಯಾರು ಯಾರು ಎಂಬುದನ್ನು ಮೂರು ಸಾಲಿನಲ್ಲಿ ಬರೆಯತೊಡಗಿದೆ. ನಾಲ್ಕು ತಿಂಗಳಾದ ಮೇಲೆ ತಿರುವಿ ನೋಡಿದಾಗ ಬೆರಗಾಯಿತು. ಆಟದ ಮೈದಾನದಲ್ಲಿ ಹೆಚ್ಚು ಜಗಳ ಆಗುತ್ತದೆಂದು ನಾನು ತಿಳಿದಿದ್ದೆ. ಪುಸ್ತಕದಲ್ಲಿ ಇದ್ದದ್ದು ಬೇರೆ: ತಟ್ಟೆ ತೊಳೆಯುವ ನಲ್ಲಿ, ಶೌಚಾಲಯದ ಹಿಂಭಾಗ, ಸಂಜೆ ಗಂಟೆ ಹೊಡೆದ ಮೇಲಿನ ಸೈಕಲ್ ನಿಲ್ಲಿಸುವ ಜಾಗ. ಮೂರೂ ಕಡೆ ದೊಡ್ಡವರು ಯಾರೂ ಇರುವುದಿಲ್ಲ. ನಲ್ಲಿ ನಾಲ್ಕಿದ್ದು ಎರಡರಲ್ಲಿ ಮಾತ್ರ ನೀರು ಬರುತ್ತಿತ್ತು. ಉಳಿದೆರಡನ್ನು ರಿಪೇರಿ ಮಾಡಿಸಿ, ತರಗತಿವಾರು ಹೊತ್ತು ನಿಗದಿ ಮಾಡಿದೆವು. ಯಾವ ನೀತಿಪಾಠದಿಂದಲೂ ಇಳಿಯದಿದ್ದ ತಳ್ಳಾಟ ಅಲ್ಲಿ ಅರ್ಧಕ್ಕಿಳಿಯಿತು. ನಿಮ್ಮ ಮಗನ ಪ್ರಕರಣವೂ ನಲ್ಲಿಯ ಹತ್ತಿರವೇ ಆಗಿರುವುದನ್ನು ಓದಿ ನನಗೆ ಆಶ್ಚರ್ಯವಾಗಲಿಲ್ಲ.

ಆ ಪುಸ್ತಕದಿಂದ ಇನ್ನೊಂದು ಪ್ರಯೋಜನವಾಯಿತು. ಬೇರೆ ಬೇರೆ ದಿನ, ಬೇರೆ ಬೇರೆ ಶಿಕ್ಷಕರು ಬಿಡಿಸಿದ ಐದು ‘ಚಿಕ್ಕ ಗಲಾಟೆ’ಗಳಲ್ಲಿ ಒಂದೇ ಹುಡುಗಿಯ ಹೆಸರು ಐದು ಬಾರಿಯೂ ಇತ್ತು, ಎದುರಿನ ಹೆಸರುಗಳು ಮಾತ್ರ ಬದಲಾಗುತ್ತಿದ್ದವು. ನಾವೆಲ್ಲ ಅವಳನ್ನೇ ಜಗಳಗಂಟಿ ಎಂದುಕೊಂಡಿದ್ದೆವು. ಕರೆದು ಕೂರಿಸಿ ಕೇಳಿದರೆ ಅವಳನ್ನು ಕರೆಯುತ್ತಿದ್ದದ್ದು ಅವಳ ಕೇರಿಯ ಹೆಸರಿನಿಂದ. ಜಾತಿ ಹಿಡಿದು ಆಡುವ ಮಾತನ್ನು ಮಕ್ಕಳ ಮಾತೆಂದು ತಳ್ಳಿಹಾಕುವ ಅಭ್ಯಾಸ ನಮ್ಮ ಸಿಬ್ಬಂದಿ ಕೋಣೆಯಲ್ಲೂ ಇತ್ತೆಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ಅಡ್ಡಹೆಸರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಎಂದು ನಿಮ್ಮ ಶಾಲೆಯವರಿಗೆ ಹೇಳಿ. ಕೆಲವೊಮ್ಮೆ ಶಿಕ್ಷಕರೇ ಆ ಹೆಸರಿನಿಂದ ಕರೆದು ನಕ್ಕಿರುತ್ತಾರೆ. ಅಲ್ಲಿಂದ ಮುಂದೆ ಮಕ್ಕಳಿಗೆ ಅದು ಪರವಾನಗಿ.

ಕೇಳಲೇಬೇಕಾದ ಮತ್ತೊಂದು ವಿಷಯ ಬಸ್ಸು. ಶಾಲೆಯಲ್ಲಿ ಬೇರೆ ಬೇರೆ ಕೂರಿಸಿದ ಇಬ್ಬರು ಸಂಜೆ ಬಸ್ ನಿಲ್ದಾಣದಲ್ಲಿ ಮುಖಾಮುಖಿಯಾಗುತ್ತಾರೆ. ಗೇಟಿನಾಚೆ ನಮ್ಮ ಜವಾಬ್ದಾರಿಯಲ್ಲವೆಂದು ಶಾಲೆ ಹೇಳುತ್ತದೆ, ಪಾಸ್ ಇರುವ ಹುಡುಗರ ಗಲಾಟೆ ನಮ್ಮ ಕೆಲಸವಲ್ಲವೆಂದು ಕಂಡಕ್ಟರ್ ಹೇಳುತ್ತಾರೆ. ಮೊದಲ ಕೆಲವು ವಾರ ಒಬ್ಬನನ್ನು ಹತ್ತು ನಿಮಿಷ ಮೊದಲು ಬಿಡುವಂತೆ ಕೇಳಿಕೊಳ್ಳಿ. ಆ ಮೊದಲು ಹೊರಡುವವನು ನಿಮ್ಮ ಮಗನೇ ಆಗಬೇಕೆಂದಿಲ್ಲ, ಯಾವಾಗಲೂ ನೊಂದವನನ್ನೇ ಓಡಿಸುವುದು ಸರಿಯಲ್ಲ.

ಉತ್ತರ: ಒಬ್ಬ ತಾಯಿ, ಶಿಡ್ಲಘಟ್ಟ

ನಾನು ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಕೆಲಸ ಮಾಡುವವಳು. ಎರಡು ವರ್ಷದ ಹಿಂದೆ ನನ್ನ ಮಗ ಈ ಕಥೆಯಲ್ಲಿ ತಟ್ಟೆ ಎಸೆದ ಹುಡುಗನಂತೆ ಇದ್ದ. ಒಬ್ಬ ಹುಡುಗನನ್ನು ಐದಾರು ತಿಂಗಳು ಕಾಡಿದ್ದನಂತೆ. ನನಗೆ ತಿಳಿದದ್ದು ಆ ಹುಡುಗ ತಿರುಗಿಸಿ ಹೊಡೆದು, ನನ್ನ ಮಗನ ಹಲ್ಲು ಮುರಿದ ದಿನ. ಶಾಲೆಗೆ ಹೋದಾಗ ಮೂವರು ಶಿಕ್ಷಕರು ‘ನಿಮ್ಮ ಮಗ ಮೊದಲಿನಿಂದಲೂ ಹೀಗೆಯೇ’ ಎಂದರು. ಮೊದಲಿನಿಂದಲೂ ಗೊತ್ತಿದ್ದರೆ ಮೊದಲೇ ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. ಯಾರೂ ಮಾತನಾಡಲಿಲ್ಲ.

ನಾಲ್ಕು ಜನರನ್ನು ಕರೆದುಕೊಂಡು ಹೋಗುವವರಲ್ಲಿ ನಾನೂ ಒಬ್ಬಳಾಗುತ್ತಿದ್ದೆ, ನಮ್ಮಣ್ಣ ಸಿದ್ಧನಾಗಿಯೇ ಇದ್ದ. ಆ ಹುಡುಗನ ತಾಯಿ ಹಿಂದಿನ ಸಂಜೆಯೇ ನಮ್ಮ ಮನೆಗೆ ಬಂದು ‘ಹಲ್ಲು ಹೇಗಿದೆ ಅಕ್ಕಾ’ ಎಂದು ಕೇಳಿದರು, ಆಮೇಲೆ ತನ್ನ ಮಗನ ಹರಿದ ಪುಸ್ತಕಗಳನ್ನು ಚೀಲದಿಂದ ತೆಗೆದು ನನ್ನ ಮುಂದೆ ಇಟ್ಟರು. ಬೈಯಲಿಲ್ಲ. ಅಣ್ಣ ಸುಮ್ಮನೆ ಎದ್ದು ಹೋದ. ವಕೀಲರು ಹೇಳಿದಂತೆ ನೀವು ಆ ಹುಡುಗನ ಮನೆಗೆ ಹೋಗುವುದಾದರೆ ತಡಮಾಡಬೇಡಿ, ನೋಟ್‌ಬುಕ್ಕುಗಳನ್ನು ಜೊತೆಯಲ್ಲಿ ತೆಗೆದುಕೊಂಡು ಹೋಗಿ. ಆ ತಂದೆಗೂ ಮಗನ ವಿಷಯ ಯಾರೂ ಹೇಳಿರಲಿಕ್ಕಿಲ್ಲ.

ಪ್ರಶ್ನೆ ಕೇಳಿದವರ ಮರುಬರಹ: ಒಬ್ಬ ಪೋಷಕ, ತುಮಕೂರು

ಎಲ್ಲರಿಗೂ ಕೃತಜ್ಞತೆಗಳು. ಅಮ್ಮ, ನಿಮ್ಮ ಮಾತಿನಂತೆ ನಿನ್ನೆ ಸಂಜೆ ಆ ಹುಡುಗನ ಮನೆಗೆ ಹೋಗಿದ್ದೆ. ತಂದೆ ಒಳಗೆ ಕರೆಯಲಿಲ್ಲ, ಬಾಗಿಲಲ್ಲೇ ಮಾತನಾಡಿಸಿದರು. ದೂರಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ವಿಡಿಯೊದಲ್ಲಿ ತಮ್ಮ ಮಗನ ರಕ್ತಸಿಕ್ತ ಮುಖ ಊರೆಲ್ಲ ನೋಡುತ್ತಿರುವುದು ಅವರಿಗೂ ಸಂಕಟವಾಗಿತ್ತು. ಇಬ್ಬರೂ ನಮ್ಮ ನಮ್ಮ ಫೋನಿನಿಂದ ಗುಂಪಿನ ಅಡ್ಮಿನ್‌ಗೆ ಒಂದೇ ಸಂದೇಶ ಕಳುಹಿಸಿದೆವು. ಒಂದು ಗುಂಪಿನಿಂದ ವಿಡಿಯೊ ತೆಗೆದಿದ್ದಾರೆ. ನೋಟ್‌ಬುಕ್ಕುಗಳನ್ನು ನೋಡಿ ಅವರು ಏನನ್ನೂ ಹೇಳಲಿಲ್ಲ, ಆದರೆ ಒಂದನ್ನು ತಮ್ಮ ಬಳಿಯೇ ಇಟ್ಟುಕೊಂಡರು.

ಶಾಲೆಯಲ್ಲಿ ಅಷ್ಟು ಸುಲಭವಾಗಲಿಲ್ಲ. ಮುಖ್ಯೋಪಾಧ್ಯಾಯರು ಎಂಟನೇ ತರಗತಿಗೆ ಆ ಕಾಯ್ದೆ ಅನ್ವಯಿಸುತ್ತದೆಂಬುದನ್ನು ಮೊದಲು ಒಪ್ಪಲಿಲ್ಲ, ಬಳಿಕ ಯಾರಿಗೋ ಫೋನ್ ಮಾಡಿ ಕೇಳಿ, ಮುಚ್ಚಳಿಕೆಯ ಟಿಸಿ ಸಾಲನ್ನು ಕೈಯಿಂದಲೇ ಹೊಡೆದು ಹಾಕಿ ಸಹಿ ಮಾಡಿದರು. ಬೆಂಚು ಬದಲಾಯಿಸಲು ಒಪ್ಪಿದ್ದಾರೆ. ಹಿಂದಿನ ಘಟನೆಗಳ ವಿಚಾರಣೆಗೆ ಮಾತ್ರ ಒಪ್ಪಿಲ್ಲ. ಮುಗಿದದ್ದನ್ನು ಕೆದಕಬೇಡಿ ಎನ್ನುತ್ತಾರೆ. ತರಗತಿ ಶಿಕ್ಷಕರಿಗೆ ನಾನು ಆಗಸ್ಟ್‌ನಲ್ಲಿ ಬಂದದ್ದು ನೆನಪಿಲ್ಲವಂತೆ. ಬರೆದು ಕೊಡಬೇಕಾಗಿತ್ತೆಂಬುದು ಈಗ ಅರ್ಥವಾಗುತ್ತಿದೆ.

ಮೇಷ್ಟ್ರೇ, ‘ನಡೆದ ಸಂಗತಿ’ ಬರೆಯಲು ಮಗನನ್ನು ಕೂರಿಸಿದರೆ ಅರ್ಧ ಗಂಟೆಯಾದರೂ ಒಂದು ಸಾಲು ಬರಲಿಲ್ಲ. ಆಮೇಲೆ ನೀವು ಹೇಳಿದಂತೆ ತೆಲುಗಿನಲ್ಲೇ ಹೇಳು ಎಂದೆ, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಾ ಹೋದೆ. ಎರಡೂವರೆ ಪುಟವಾಯಿತು. ಏಮಿರಾ ಎಂದು ಕರೆಯುವ ವಿಷಯ ಎರಡನೇ ಪುಟದಲ್ಲಿ ಬಂತು. ಅವನು ಮೊದಲು ಹೇಳಿದ್ದು, ಜೂನ್‌ನಿಂದ ಇಲ್ಲಿಯವರೆಗೆ ಊಟದ 
ಸಾಲಿನಲ್ಲಿ ಅವನ ಪಕ್ಕ ಒಬ್ಬರೂ ಕುಳಿತಿಲ್ಲವೆಂಬುದನ್ನು. ಸೋಮವಾರ ಆ ಪುಟಗಳನ್ನು ಮನವಿಯ ಜೊತೆ ಲಗತ್ತಿಸಿ ಕೊಡಲಿದ್ದೇನೆ, ನಕಲು ಪ್ರತಿಗೆ ಸೀಲು ಹಾಕಿಸಿಕೊಳ್ಳುತ್ತೇನೆ.